ರತಾಳು ಅಂದರೆ ಯಾವ ಗೆಡ್ಡೆ?

ಪ್ರಶ್ನೆ: ಮದುವೆಯಾಗಿ ಸೂರತ್‌ಗೆ ಬಂದವಳು ನಾನು. ನಮ್ಮತ್ತೆ ಚಳಿಗಾಲದಲ್ಲಿ ವಿದೇಶಿ ಅತಿಥಿಗಳಿಗೆ ಊಂಧಿಯು (ಗೆಡ್ಡೆ, ತರಕಾರಿ ಬೆರೆಸಿದ ಗುಜರಾತಿ ಪಲ್ಯ) ಕಲಿಸುತ್ತಾರೆ. ಅತ್ತೆಗೆ ಬರುವುದು ಗುಜರಾತಿ ಮಾತ್ರ. ಅದನ್ನು ಇಂಗ್ಲಿಷಿನಲ್ಲಿ ಹೇಳುವ ದುಭಾಷಿಯನ್ನು ಹೇಗೆ ಆರಿಸಲಿ?

ಉತ್ತರ: ಸರ್ಟಿಫಿಕೇಟ್ ಆಮೇಲೆ ನೋಡಿ, ಮೊದಲು ಅಡುಗೆಮನೆಗೆ ಕರೆಯಿರಿ. ವಡೋದರದಲ್ಲಿದ್ದಾಗ ನಾನು ಕರೆಸಿದ್ದ ದುಭಾಷಿ ಕೋರ್ಟು ಕಚೇರಿಯಲ್ಲಿ ಪಳಗಿದವರು. ರತಾಳು ಅಂದಿದ್ದಕ್ಕೆ ಸಿಹಿಗೆಣಸು ಎಂದುಬಿಟ್ಟರು! ಮರಾಠಿಯ ರತಾಳೆ ಸಿಹಿಗೆಣಸೇ. ಆದರೆ ಗುಜರಾತಿಯ ರತಾಳು ನೇರಳೆ ಬಣ್ಣದ ಗೆಡ್ಡೆ, ಸಿಹಿಗೆಣಸು ಶಕ್ಕರಿಯಾ. ಊಂಧಿಯುಗೆ ಎರಡೂ ಬೀಳುತ್ತವೆ ನೋಡಿ.

ತರಕಾರಿ ಹೆಸರು ಹೇಗೋ ಆದೀತು, ಕೈಕೆಲಸದ ಮಾತೇ ಕಷ್ಟ. ಕಡಲೆಹಿಟ್ಟಿನ ಸಿಹಿತಿಂಡಿ ಮೋಹನ್‌ಥಾಳ್‌ಗೆ 'ಧಾಬೋ' ಕೊಡುವುದೆಂದರೆ ಕಡಲೆಹಿಟ್ಟಿಗೆ ಹಾಲು, ತುಪ್ಪ ಹಾಕಿ ಉಜ್ಜಿ, ಒತ್ತಿಡುವುದು. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಪದ ಸಿಗದು, ಬಿಡಿಸಿ ಹೇಳಬೇಕು. 'ಏಕ್ ತಾರ್‌ನಿ ಚಾಸಣಿ' ಎಂದೂ ಕೇಳಿ ನೋಡಿ. ಅದು ನಮ್ಮ ಒಂದೆಳೆ ಪಾಕವೇ ಅಲ್ವಾ?

ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆ ವಿಭಾಗವಿದೆ. ಅಲ್ಲಿ ಓದಿದವರನ್ನು ವಿಚಾರಿಸಿ. ಸಿಕ್ಕವರಿಗೆ ಅರ್ಧ ದಿನದ ಕೂಲಿ ಕೊಟ್ಟು, ಅತ್ತೆಯ ಜೊತೆ ಒಮ್ಮೆ ಮೆಂತ್ಯೆ ಮುಠಿಯಾ (ಊಂಧಿಯುಗೆ ಹಾಕುವ ಮೆಂತ್ಯೆಸೊಪ್ಪಿನ ಉಂಡೆ) ಕಟ್ಟಿಸಿ. ಸುಮ್ನೆ ಫೋನಿನಲ್ಲಿ ಮಾತಾಡಿ ಒಪ್ಪಿಕೊಳ್ಳಬೇಡಿ.