ಆಕ್ಷೇಪಣೆ ಬರೆದವರ ಮಲಗುವ ಕೋಣೆಯಲ್ಲಿ ಒಮ್ಮೆ ಕುಳಿತು ನೋಡಿ

ಇಂಗ್ಲೆಂಡಿನ ಪಟ್ಟಣವೊಂದರಲ್ಲಿ ನಿಮ್ಮ ಟೇಕ್‌ಅವೇ, ಅಂದರೆ ಊಟ ಕಟ್ಟಿಕೊಡುವ ಅಂಗಡಿ, ಇದೆ. ರಾತ್ರಿ 12ರವರೆಗಿದ್ದ ಪರವಾನಗಿಯನ್ನು 2 ಗಂಟೆಯವರೆಗೆ ವಿಸ್ತರಿಸಲು ಅರ್ಜಿ ಹಾಕಿದ್ದೀರಿ. ಮೂರು ಮನೆಯವರು ಆಕ್ಷೇಪಣೆ ಸಲ್ಲಿಸಿದ್ದಾರೆ, ವಿಚಾರಣೆಗೆ ಎರಡು ವಾರ ಉಳಿದಿದೆ. ವಕೀಲರನ್ನು ಹಿಡಿಯಬೇಕೋ, ನೆರೆಯವರ ಬಾಗಿಲು ತಟ್ಟಬೇಕೋ ಎಂದು ಕೇಳಿದ್ದೀರಿ. ನಾನೂ ಇದೇ ಪಾಡು ಪಟ್ಟವನು. ಎರಡಕ್ಕೂ ಮೊದಲು ಆ ಮೂರು ಪತ್ರಗಳನ್ನು ಇನ್ನೊಮ್ಮೆ ಓದಿ, ಗಂಟೆ ಎಷ್ಟೆಂದು ಬರೆದಿರುವ ಕಡೆಯಲ್ಲೆಲ್ಲ ಕೆಳಗೆ ಗೆರೆ ಎಳೆಯಿರಿ. ನಿಮಗೆ ಬೇಕಾದ ಉತ್ತರದ ಅರ್ಧ ಅಲ್ಲಿದೆ.

ಮೊದಲು ಕಾನೂನಿನ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರಾತ್ರಿ 11ರಿಂದ ಬೆಳಗಿನ ಜಾವ 5ರವರೆಗೆ ಬಿಸಿ ಊಟ, ಬಿಸಿ ಪಾನೀಯ ಮಾರಲು 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಆ ಕಾಯ್ದೆ ಪರವಾನಗಿ ಕೊಡುವ ಕೌನ್ಸಿಲ್ಲಿನ (ಸ್ಥಳೀಯ ಆಡಳಿತದ) ಮುಂದೆ ನಾಲ್ಕೇ ಉದ್ದೇಶಗಳನ್ನು ಇಡುತ್ತದೆ: ಅಪರಾಧ ಮತ್ತು ಅಶಾಂತಿಯನ್ನು ತಡೆಯುವುದು, ಸಾರ್ವಜನಿಕ ಸುರಕ್ಷತೆ, ಸಾರ್ವಜನಿಕರಿಗೆ ಉಪದ್ರವವಾಗದಂತೆ ನೋಡಿಕೊಳ್ಳುವುದು, ಮಕ್ಕಳನ್ನು ಹಾನಿಯಿಂದ ಕಾಪಾಡುವುದು. ನೆರೆಯವರ ಆಕ್ಷೇಪಣೆ ಈ ನಾಲ್ಕರಲ್ಲಿ ಒಂದಕ್ಕಾದರೂ ತಾಗಬೇಕು. ‘ಈ ಬೀದಿಗೆ ಇನ್ನೊಂದು ಅಂಗಡಿ ಬೇಕಿಲ್ಲ’, ‘ನಮ್ಮ ಮನೆಯ ಬೆಲೆ ಇಳಿಯುತ್ತದೆ’ ಎಂಬ ಮಾತುಗಳಿಗೆ ವಿಚಾರಣೆಯಲ್ಲಿ ತೂಕವಿಲ್ಲ. ಆದರೆ ‘ನನಗೆ ನಿದ್ದೆ ಬರುತ್ತಿಲ್ಲ’ ಎಂಬುದಕ್ಕೆ ಪೂರ್ತಿ ತೂಕವಿದೆ, ಇರಲೇಬೇಕು. ಇದನ್ನು ಅಡ್ಡಿ ಎಂದುಕೊಂಡೇ ಹೊರಟರೆ ನೀವು ಸೋಲುತ್ತೀರಿ. ನಾನು ಹಾಗೆಯೇ ಹೊರಟಿದ್ದೆ.

ನನ್ನ ಅಂಗಡಿ ಸಾಲುಮನೆಗಳ ಕೊನೆಯಲ್ಲಿತ್ತು, ಪಕ್ಕದ ಮನೆಗೂ ನಮಗೂ ಗೋಡೆ ಒಂದೇ. ಅಲ್ಲಿದ್ದ ವಯಸ್ಸಾದ ಹೆಂಗಸು ಎರಡು ಪುಟದ ಆಕ್ಷೇಪಣೆ ಬರೆದಿದ್ದರು: ರಾತ್ರಿಯೆಲ್ಲ ಗದ್ದಲ, ಗಿರಾಕಿಗಳ ಕೂಗಾಟ, ತಡೆಯಲಾಗದು ಎಂದು. ನನಗೆ ಸಿಟ್ಟು ಬಂದಿತ್ತು, ಏಕೆಂದರೆ ಬಾಗಿಲ ಬಳಿ ಕೂಗಾಡುವವರನ್ನು ನಾನು ನಿಲ್ಲಗೊಡುತ್ತಿರಲಿಲ್ಲ. ಕೌನ್ಸಿಲ್ಲಿನ ಲೈಸೆನ್ಸಿಂಗ್ ಅಧಿಕಾರಿಯ ಮೂಲಕ ಹೇಳಿಕಳುಹಿಸಿ, ಅವರು ಒಪ್ಪಿದ ಮೇಲೆ, ಒಂದು ಶುಕ್ರವಾರ ಅಂಗಡಿಯನ್ನು ಹುಡುಗರಿಗೆ ಬಿಟ್ಟು ರಾತ್ರಿ ಹನ್ನೊಂದೂವರೆಗೆ ಅವರ ಮನೆಗೆ ಹೋದೆ. ಅವರ ಮಗನೂ ಜೊತೆಗಿದ್ದ. ಅವರು ನನ್ನನ್ನು ಮಹಡಿಯ ಮೇಲೆ ಕರೆದೊಯ್ದು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ದೀಪ ಆರಿಸಿದರು.

ಗಿರಾಕಿಗಳ ದನಿ ಕೇಳಿಸಲೇ ಇಲ್ಲ ಎನ್ನಬಹುದು. ಕೇಳಿಸಿದ್ದು ಬೇರೆ. ಒಂದು ಗುಂಯ್‌ಗುಡುವ ಸದ್ದು, ಕಿವಿಗಿಂತ ಎದೆಗೆ ಹೆಚ್ಚು ತಾಗುವಂಥದ್ದು. ಅವರು ನನ್ನ ಕೈ ಹಿಡಿದು ತಲೆದೆಸೆಯ ಗೋಡೆಗೆ ಒತ್ತಿದರು. ಗೋಡೆ ನಡುಗುತ್ತಿತ್ತು. ಮೇಜಿನ ಮೇಲಿದ್ದ ನೀರಿನ ಲೋಟದಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ನಮ್ಮ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನಿನ ಕೊಳವೆಯನ್ನು ಕಬ್ಬಿಣದ ಪಟ್ಟಿ ಹಾಕಿ ನೇರವಾಗಿ ಆ ಗೋಡೆಗೇ ಬಿಗಿದಿದ್ದರು. ಅಂಗಡಿಯೊಳಗೆ ನಿಂತ ನಮಗೆ ಬಾಣಲೆಗಳ ಸದ್ದಿನಲ್ಲಿ ಅದು ಎಂದೂ ತಿಳಿದಿರಲಿಲ್ಲ. ಹನ್ನೆರಡೂ ನಲವತ್ತರ ಹೊತ್ತಿಗೆ ಹಿತ್ತಲಿನಲ್ಲಿ ನಮ್ಮ ಹುಡುಗ ಕಸದ ದೊಡ್ಡ ಡಬ್ಬದ ಮುಚ್ಚಳವನ್ನು ಕೈಬಿಟ್ಟ. ಕಣ್ಣು ಮುಚ್ಚಿ ಕುಳಿತಿದ್ದ ಆಕೆ ಬೆಚ್ಚಿಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಅಲ್ಲೇ ನಿಂತು ಫೋನಿನಲ್ಲಿ ಮಾತನಾಡತೊಡಗಿದ. ಒಂದೊಂದು ಪದವೂ ಮೇಲಕ್ಕೆ ಕೇಳಿಸುತ್ತಿತ್ತು.

ಪತ್ರದಲ್ಲಿ ‘ಗಿರಾಕಿಗಳು’ ಎಂದಿತ್ತು, ನಿಜದಲ್ಲಿ ಅದು ಫ್ಯಾನು, ಮುಚ್ಚಳ ಮತ್ತು ನನ್ನ ಹುಡುಗ. ಆಕೆ ಸುಳ್ಳು ಬರೆದಿರಲಿಲ್ಲ. ನಿದ್ದೆಗೆಟ್ಟವರಿಗೆ ಸದ್ದು ಎಲ್ಲಿಂದ ಬಂತೆಂದು ವಿಂಗಡಿಸುವ ಚೈತನ್ಯ ಇರುವುದಿಲ್ಲ.

ನೀವೂ ಇದನ್ನೇ ಮಾಡಿ ಎನ್ನುತ್ತೇನೆ, ಆದರೆ ಮುಂಗಡ ತಿಳಿಸದೆ ಹೋಗಬೇಡಿ. ಆಕ್ಷೇಪಣೆಯ ಪ್ರತಿಯಲ್ಲಿ ಅವರ ಹೆಸರು, ವಿಳಾಸ ಸಾಮಾನ್ಯವಾಗಿ ನಿಮ್ಮ ಕೈಗೆ ಸಿಗುತ್ತದೆ. ಹಾಗೆಂದು ಸಂಜೆಗತ್ತಲಲ್ಲಿ ಹೋಗಿ ಬಾಗಿಲು ತಟ್ಟಿದರೆ ಅವರಿಗೆ ಅದು ಬೆದರಿಕೆಯಂತೆ ಕಾಣಬಹುದು. ಯಾರಾದರೂ ಹೆಸರು ಮುಚ್ಚಿಡುವಂತೆ ಕೋರಿದ್ದರೆ ಅವರ ಗೊಡವೆಗೆ ಹೋಗಲೇಬೇಡಿ. ಲೈಸೆನ್ಸಿಂಗ್ ಅಧಿಕಾರಿಗೆ ಇಮೇಲ್ ಬರೆದು, ‘ಮಾತನಾಡಲು ಸಿದ್ಧನಿದ್ದೇನೆ, ಅವರು ಒಪ್ಪುತ್ತಾರೆಯೇ ಕೇಳಿ’ ಎನ್ನಿ. ಇಂಥ ಮಾತುಕತೆಯನ್ನು ಬಹಳಷ್ಟು ಅಧಿಕಾರಿಗಳು ಸ್ವಾಗತಿಸುತ್ತಾರೆ. ಭೇಟಿಯಲ್ಲಿ ನಿಮ್ಮ ವ್ಯಾಪಾರದ ಕಷ್ಟ ಹೇಳಿಕೊಳ್ಳಬೇಡಿ. ಬಾಡಿಗೆ ಏರಿದ್ದು ನಿಜವೇ ಇರಬಹುದು, ಅದು ಅವರ ನಿದ್ದೆಗೆ ಸಂಬಂಧಿಸಿದ್ದಲ್ಲ.

ಒಂದು ಎಚ್ಚರಿಕೆ. ಸರ್ಕಾರದ ಮಾರ್ಗದರ್ಶಿಯ ಪ್ರಕಾರ, ಅಂಗಡಿಯ ಆಸುಪಾಸನ್ನು ದಾಟಿ ಹೋದ ಮೇಲೆ ಗಿರಾಕಿಯ ನಡತೆಗೆ ಅವನೇ ಹೊಣೆ. ವಿಚಾರಣೆಯಲ್ಲಿ ಅಗತ್ಯ ಬಿದ್ದರೆ ಇದನ್ನು ಹೇಳಿ. ನೆರೆಯವರ ಜಗಲಿಯಲ್ಲಿ ನಿಂತು ಹೇಳಬೇಡಿ. ಅವರ ಗೇಟಿನ ಬಳಿ ಬಿದ್ದ ಪೊಟ್ಟಣದ ಮೇಲೆ ನಿಮ್ಮ ಅಂಗಡಿಯ ಹೆಸರಿದ್ದರೆ, ಕಾನೂನು ಏನೇ ಹೇಳಲಿ, ಹೋಗಿ ಗುಡಿಸಿ.

ಭೇಟಿಯ ನಂತರದ ಕೆಲಸವೇ ಮುಖ್ಯ, ಅಲ್ಲೇ ಹೆಚ್ಚಿನವರು ಎಡವುತ್ತಾರೆ. ಕೊಟ್ಟ ಮಾತನ್ನು ಪರವಾನಗಿಯ ಷರತ್ತಾಗಿ ಬರೆದುಕೊಡಬೇಕು. ‘ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇವೆ’ ಎಂಬ ವಾಕ್ಯ ಯಾರಿಗೂ ಪ್ರಯೋಜನವಿಲ್ಲ. ಅದನ್ನು ಪಾಲಿಸಿದಿರೋ ಮುರಿದಿರೋ ಎಂದು ಅಳೆಯುವುದು ಹೇಗೆ? ನಾನು ಕೊನೆಗೆ ಬರೆದುಕೊಟ್ಟದ್ದು ಹೀಗಿತ್ತು: ‘ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ಕಸವನ್ನಾಗಲಿ ಬಾಟಲಿಗಳನ್ನಾಗಲಿ ಹೊರಗಿನ ಡಬ್ಬಗಳಿಗೆ ಹಾಕುವುದಿಲ್ಲ. ಆ ಅವಧಿಯಲ್ಲಿ ಸಿಬ್ಬಂದಿ ಹಿತ್ತಲನ್ನು ಬಳಸುವುದಿಲ್ಲ. ಡೆಲಿವರಿ ವಾಹನಗಳು ಕಾಯುವಾಗ ಎಂಜಿನ್ ಆರಿಸಿರಬೇಕು. ದೂರುಗಳಿಗಾಗಿ ಒಂದು ಫೋನ್ ಸಂಖ್ಯೆಯನ್ನು ಅಕ್ಕಪಕ್ಕದ ಮನೆಗಳಿಗೆ ಕೊಟ್ಟು, ಅಂಗಡಿ ತೆರೆದಿರುವಷ್ಟು ಹೊತ್ತು ಅದಕ್ಕೆ ಉತ್ತರಿಸುತ್ತೇವೆ. ಪ್ರತಿ ದೂರನ್ನೂ ಪುಸ್ತಕದಲ್ಲಿ ದಾಖಲಿಸುತ್ತೇವೆ.’ ಫ್ಯಾನಿಗೆ ಷರತ್ತು ಬರೆಯುವುದಕ್ಕೂ ಮುಂಚೆಯೇ ಕೆಲಸ ಮಾಡಿಸಿದೆ. ಪಟ್ಟಿಗಳನ್ನು ಗೋಡೆಯಿಂದ ಕಿತ್ತು, ಕಂಪನ ತಡೆಯುವ ರಬ್ಬರ್ ಆಧಾರಗಳ ಮೇಲೆ ಕೂರಿಸಿ, ಫ್ಯಾನಿಗೂ ಕೊಳವೆಗೂ ನಡುವೆ ಬಾಗುವ ಜೋಡಣೆ ಹಾಕಿಸಿದೆ. ಮರುದಿನ ರಾತ್ರಿ ಮತ್ತೆ ಆ ಕುರ್ಚಿಯಲ್ಲಿ ಕುಳಿತೆ. ಲೋಟದ ನೀರು ಅಲುಗಲಿಲ್ಲ.

ಪಾಲಿಸಲಾಗದ ಷರತ್ತನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಷರತ್ತು ಮೀರಿ ವ್ಯಾಪಾರ ಮಾಡುವುದು ಪರವಾನಗಿಯಿಲ್ಲದೆ ಮಾಡಿದಷ್ಟೇ ದೊಡ್ಡ ಅಪರಾಧ. ಮಿತಿಯಿಲ್ಲದ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬಾಗಿಲಲ್ಲಿ ಕಾವಲಿನವರನ್ನು ನಿಲ್ಲಿಸುತ್ತೇನೆಂದು ಭರವಸೆ ಕೊಟ್ಟು ವಾರದ ನಡುವಿನ ರಾತ್ರಿಗಳಲ್ಲಿ ಕೈಬಿಟ್ಟರೆ, ಮುಂದಿನ ದೂರಿಗೆ ಆಧಾರವನ್ನು ನೀವೇ ಬರೆದುಕೊಟ್ಟಂತೆ.

ಆಕ್ಷೇಪಿಸಿದವರು ತೃಪ್ತರಾದರೆ ವಿಚಾರಣೆಯ ದಿನ ಆರಂಭವಾಗುವುದಕ್ಕೆ ಕನಿಷ್ಠ 24 ಗಂಟೆ ಮುಂಚೆ ಲಿಖಿತವಾಗಿ, ಇಲ್ಲವೇ ವಿಚಾರಣೆಯಲ್ಲೇ ಬಾಯಿಮಾತಿನಲ್ಲಿ ಆಕ್ಷೇಪಣೆ ಹಿಂಪಡೆಯಬಹುದು. ಎಲ್ಲರೂ ಹಿಂಪಡೆದರೆ ವಿಚಾರಣೆಯೇ ಬೇಕಿಲ್ಲ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಆ ಹೆಂಗಸು ಹಿಂಪಡೆದರು, ಎದುರು ಮನೆಯವರು ಜಗ್ಗಲಿಲ್ಲ. ವಾರವಿಡೀ 2 ಗಂಟೆಯವರೆಗೆ ಎಂದು ಕೇಳಿದ್ದ ನಾನು ಶುಕ್ರವಾರ, ಶನಿವಾರ ಮಾತ್ರ, ಅದೂ 1 ಗಂಟೆಯವರೆಗೆ ಎಂದು ಅರ್ಜಿಯನ್ನು ಇಳಿಸಿಕೊಂಡೆ. ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ಉಳಿದ ಐದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅಂಥ ವ್ಯಾಪಾರವೂ ಇರಲಿಲ್ಲ. ನೀವೂ ಮೊದಲು ಈ ಲೆಕ್ಕ ಹಾಕಿ. ವಿಚಾರಣೆಯಲ್ಲಿ ಮೂವರು ಕೌನ್ಸಿಲರ್‌ಗಳು ಕುಳಿತಿದ್ದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಗಲೇ ಮಾಡಿಸಿದ್ದ ಫ್ಯಾನಿನ ಕೆಲಸದ ಬಗ್ಗೆ. ಷರತ್ತುಗಳೊಂದಿಗೆ ಪರವಾನಗಿ ಸಿಕ್ಕಿತು.

ವಕೀಲರ ಬಗ್ಗೆ: ಪೊಲೀಸರು ಆಕ್ಷೇಪಿಸಿದ್ದರೆ ಖಂಡಿತ ಹಿಡಿಯಿರಿ ಎನ್ನುತ್ತಿದ್ದೆ. ಬರೀ ನೆರೆಯವರಾದರೆ ಆ ಹಣವನ್ನು ಮೊದಲು ಫ್ಯಾನಿಗೆ ಹಾಕುವುದು ಮೇಲು. ತೀರ್ಪು ಒಪ್ಪಿಗೆಯಾಗದಿದ್ದರೆ 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆಕ್ಷೇಪಿಸಿದವರಿಗೂ ಅದೇ ಹಕ್ಕಿದೆ. ಪರವಾನಗಿ ಸಿಕ್ಕ ಮೇಲೂ ಯಾರು ಬೇಕಾದರೂ ಅದರ ಮರುಪರಿಶೀಲನೆ ಕೋರಬಹುದು. ಅಲ್ಲಿ ಕೌನ್ಸಿಲ್ ಸಮಯ ಕಡಿತಗೊಳಿಸಬಹುದು, ಮೂರು ತಿಂಗಳವರೆಗೆ ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು. ಆದ್ದರಿಂದ ದೂರಿನ ಪುಸ್ತಕವನ್ನು ಮೊದಲ ದಿನದಿಂದಲೇ ಪ್ರಾಮಾಣಿಕವಾಗಿ ಬರೆಯಿರಿ.

ಹೇಳಲು ಮರೆಯುತ್ತಿದ್ದೆ: ಕಟ್ಟಡವನ್ನು ಯಾವುದಕ್ಕೆ, ಹೇಗೆ ಬಳಸಬಹುದೆಂದು ಹೇಳುವ ಯೋಜನಾ ಅನುಮತಿ (ಪ್ಲಾನಿಂಗ್ ಪರ್ಮಿಷನ್) ಬೇರೆಯೇ ಕಡತ. ಅದರಲ್ಲಿ ‘ರಾತ್ರಿ 12ಕ್ಕೆ ಮುಚ್ಚಬೇಕು’ ಎಂದಿದ್ದರೆ ಲೈಸೆನ್ಸಿನಲ್ಲಿ 2 ಗಂಟೆ ಸಿಕ್ಕರೂ ನೀವು 12ಕ್ಕೇ ಬಾಗಿಲು ಹಾಕಬೇಕು. ಎರಡರಲ್ಲಿ ಯಾವುದು ಬೇಗನೆಯದೋ ಅದೇ ನಿಮ್ಮ ಗಡುವು. ಇದನ್ನು ಇವತ್ತೇ ನೋಡಿ, ಇಲ್ಲವಾದರೆ ಈ ಓಡಾಟವೆಲ್ಲ ನೀರಲ್ಲಿ ಹೋಮ.

ಪತ್ರಗಳಲ್ಲಿ ಯಾವ ಗಂಟೆ, ಯಾವ ಸದ್ದು ಎಂದು ಬರೆದಿದ್ದಾರೋ ಅಷ್ಟನ್ನು ಹೆಸರು, ವಿಳಾಸ ತೆಗೆದು ಇಲ್ಲಿ ಹಾಕಿ. ನೀವು ಕೊಡಬೇಕೆಂದಿರುವ ಷರತ್ತುಗಳ ಕರಡನ್ನೂ ಹಾಕಿದರೆ, ಒಂದೊಂದು ವಾಕ್ಯವನ್ನೂ ಓದಿ ಎಲ್ಲಿ ಸಡಿಲವಿದೆ ಎಂದು ಹೇಳುತ್ತೇನೆ.