ಕಾಲುವೆ ತೋಡಿದ್ದು ಯಾರು?

ಆತ್ಮೀಯರೇ,

ಇಟಲಿಯ ಖಗೋಳಜ್ಞ ಜೊವಾನ್ನಿ ಸ್ಕಿಯಾಪರೆಲ್ಲಿಯ ಬಗ್ಗೆ ನೀವು ಬರೆದ ‘ಮಂಗಳನ ಭಗೀರಥ’ ತಲುಪಿತು. ಆಗಸ್ಟ್ ತಿಂಗಳ ಉಲ್ಕಾವರ್ಷವೂ 1862ರ ಧೂಮಕೇತುವೂ ಒಂದೇ ಹಾದಿಯವು ಎಂದು 1866ರಲ್ಲಿ ಆತ ತೋರಿಸಿದ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ನನ್ನ ತಕರಾರೆಲ್ಲ ಮೂರನೇ ಪ್ಯಾರಾದ ಮೇಲೆ. ಎದುರಿಗಿದ್ದ ಕಾಫಿ ಆರಿಹೋದದ್ದೂ ಗೊತ್ತಾಗದಷ್ಟು ಸಿಟ್ಟು ಬಂತು.

ಮೊದಲ ಸಾಲು: ‘1877ರ ಆ ರೋಮಾಂಚಕ ರಾತ್ರಿ, ಮಿಲಾನಿನ ಬ್ರೇರಾ ವೀಕ್ಷಣಾಲಯದಲ್ಲಿ ಕೆಂಪು ಗ್ರಹದ ಕೆಂಬಣ್ಣವನ್ನು ಕಣ್ತುಂಬಿಕೊಂಡ ಅವನ ಎದೆ ಝಲ್ಲೆಂದಿತು.’ ಯಾವ ರಾತ್ರಿ? ಮಂಗಳ ಭೂಮಿಗೆ ತೀರ ಹತ್ತಿರ ಬಂದಿದ್ದ ಆ ವರ್ಷ ಅವನು ರಾತ್ರಿಯ ಮೇಲೆ ರಾತ್ರಿ ಕೂತು, 22 ಸೆಂಟಿಮೀಟರ್ ಮಸೂರದ ದೂರದರ್ಶಕದಲ್ಲಿ ಗುರುತುಗಳ ಸ್ಥಾನ ಅಳೆದು ನಕ್ಷೆ ಬರೆದವನು. ಇನ್ನು ಕೆಂಬಣ್ಣ. ಸ್ವಾಮಿ, ಅವನಿಗೆ ವರ್ಣಾಂಧತೆ ಇತ್ತು! ಕೆಂಪು, ಹಸಿರಿನ ವ್ಯತ್ಯಾಸವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಬರೆಯಬೇಕಾದ ಸಂಗತಿ ಬಿಟ್ಟು, ಇಲ್ಲದ್ದನ್ನು ಕಣ್ತುಂಬಿಸಿದ್ದೀರಿ.

ಎರಡನೆಯದು: ‘ಅಲ್ಲಿ ನೇರವಾದ ಕಾಲುವೆಗಳನ್ನು ಕಂಡುಹಿಡಿದ.’ ಕಂಡುಹಿಡಿಯಲು ಅವು ಅಲ್ಲಿ ಇರಬೇಕಲ್ಲ? ಕಂಡ ಎನ್ನಿ, ಸಾಕು. ಕಾಲುವೆಯಂತೂ ನನಗೆ ಮುಳ್ಳಿನ ಹಾಗೆ ಚುಚ್ಚಿತು. ಅವನು ಬಳಸಿದ್ದು ‘ಕನಾಲಿ’ ಎಂಬ ಇಟಾಲಿಯನ್ ಪದ, ‘ಕನಾಲೆ’ಯ ಬಹುವಚನ. ಅದೂ ಹೊಸದಲ್ಲ, ರೋಮಿನ ಪಾದ್ರಿ ಖಗೋಳಜ್ಞ ಆಂಜೆಲೊ ಸೆಕ್ಕಿ 1858ರಲ್ಲೇ ಮಂಗಳಕ್ಕೆ ಅನ್ವಯಿಸಿದ್ದ. ಇಟಲಿಯವರಿಗೆ ಸೂಯೆಜ್ ಕೂಡ ‘ಕನಾಲೆ’, ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲೂ ‘ಕನಾಲೆ’. ಒಂದನ್ನು ಮನುಷ್ಯ ತೋಡಿದ್ದು, ಇನ್ನೊಂದು ತಾನಾಗಿ ಆದದ್ದು. ಮಂಗಳನ ಕಪ್ಪು ಭಾಗಗಳನ್ನು ಸಮುದ್ರ ಎಂದುಕೊಂಡವನಿಗೆ, ಅವನ್ನು ಕೂಡಿಸುವ ಗೆರೆಗೆ ಇದಕ್ಕಿಂತ ಸಹಜವಾದ ಪದ ಯಾವುದು? ಕನ್ನಡದಲ್ಲಿ ಹಾಗಲ್ಲ. ಹಳ್ಳ ತಾನೇ ಹರಿಯುತ್ತದೆ. ಕಾಲುವೆ ಎಂದ ಕೂಡಲೇ ಯಾರೋ ಗುದ್ದಲಿ ಹಿಡಿದಿದ್ದಾರೆ. ನಮ್ಮ ಪತ್ರಿಕೆಗಳು ಆ ಕಡಲನ್ನೂ ಇಂಗ್ಲಿಷ್ ಕಾಲುವೆ ಎನ್ನುತ್ತವಲ್ಲ ಎಂದು ನೀವು ವಾದಿಸಬಹುದು. ಅದೂ ನನ್ನಂಥ ಉಪಸಂಪಾದಕರದೇ ಘನಕಾರ್ಯ.

ಹೌದು, ನಾನೂ ಮಾಡಿದವನೇ. ಡೆಸ್ಕಿಗೆ ಸೇರಿ ತಿಂಗಳೂ ಆಗಿರಲಿಲ್ಲ. ಮಳೆಗಾಲ, ಟ್ಯಾಂಕ್ ಒಡೆದು ಗದ್ದೆಗಳು ಮುಳುಗಿದ ಸುದ್ದಿ ಇಂಗ್ಲಿಷಿನಲ್ಲಿ ಬಂತು. ‘ನೀರಿನ ಟ್ಯಾಂಕ್ ಒಡೆದು ನಲವತ್ತು ಎಕರೆ ಜಲಾವೃತ’ ಎಂದು ತಲೆಬರಹ ಕೊಟ್ಟೆ. ಹಿರಿಯರೊಬ್ಬರು ಪ್ರೂಫ್ ಎತ್ತಿ ಹಿಡಿದು, ‘ಯಾರ ಮನೆ ಮಾಳಿಗೆ ಮೇಲಿತ್ತಪ್ಪಾ ಈ ಟ್ಯಾಂಕು?’ ಅಂದರು. ಇಡೀ ಡೆಸ್ಕ್ ನಕ್ಕಿತು. ಕೆರೆ! ಕೆರೆಯ ಏರಿ ಮೇಲೆ ಆಡಿ ಬೆಳೆದವನು ನಾನು, ಕಣ್ಣೆದುರಿನ ಇಂಗ್ಲಿಷ್ ಪದ ಅದನ್ನೂ ಮರೆಸಿತ್ತು. ಇವತ್ತಿಗೂ ಟ್ಯಾಂಕ್ ಎಂಬ ಪದ ಬಂದರೆ ಕೈ ನಿಲ್ಲುತ್ತದೆ.

ಮೂರನೆಯ ಸಾಲು: ‘ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದು ಜಗತ್ತಿಗೆ ಸಾರಿದ.’ ಸಾರಿದವನು ಅಮೆರಿಕದ ಪರ್ಸಿವಲ್ ಲೊವೆಲ್. ಅದಕ್ಕೆಂದೇ 1894ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿದ. ಹಾಗಂತ ಸ್ಕಿಯಾಪರೆಲ್ಲಿಯನ್ನು ಪೂರ್ತಿ ನಿರಪರಾಧಿ ಮಾಡಲೂಬೇಡಿ. ಜೀವಿಗಳ ಊಹೆಯಲ್ಲಿ ಅಸಾಧ್ಯವಾದದ್ದೇನಿಲ್ಲ, ನಾನದನ್ನು ವಿರೋಧಿಸಲು ಹೋಗುವುದಿಲ್ಲ ಎಂಬರ್ಥದ ಮಾತನ್ನು 1893ರಲ್ಲಿ ಬರೆದ. ಎರಡು ವರ್ಷ ಬಿಟ್ಟು ಮಂಗಳನ ಜೀವಿಗಳ ಬಗ್ಗೆಯೇ ಕಲ್ಪನೆ ಹರಿಯಬಿಟ್ಟು ಒಂದು ಲೇಖನ ಬರೆದ. ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಅಳತೆಗೆ ಪ್ರಾಣ ಬಿಡುವವನು ಹೀಗೇಕೆ ಆಡಿದ? ನಿಮ್ಮ ಲೇಖನದ ಜೀವ ಇಲ್ಲಿದೆ, ನೀವು ಒಂದೇ ‘ಸಾರಿದ’ದಲ್ಲಿ ಮುಗಿಸಿಬಿಟ್ಟಿರಿ.

ಮೂರನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಕನಾಲಿಯನ್ನು ಕನಾಲಿ ಎಂದೇ ಇಟ್ಟು, ಮೊದಲ ಸಲ ಬಂದಾಗ ಅರ್ಥ ಬಿಡಿಸಿ ಹೇಳಿ. ಶೀರ್ಷಿಕೆಯನ್ನೂ ಬದಲಿಸಬೇಕಾಗುತ್ತದೆ. ಭಗೀರಥ ತಂದದ್ದು ನಿಜವಾದ ನೀರು.

ನಿಮ್ಮ,
ಸಂಪಾದಕ