ಬರುವ ಭಾಷೆಯ ದೇಶವೋ, ಕೆಲಸ ಸಿಗುವ ದೇಶವೋ?

ಪ್ರಶ್ನೆ: ವಲಸೆ ಹೋಗುವವರು ತಮಗೆ ಬರುವ ಭಾಷೆಯ ದೇಶವನ್ನೇ ಆರಿಸಿಕೊಳ್ಳುತ್ತಾರೆ ಅಂತಾರೆ. ಹಾಗಾದರೆ ಒಂದಕ್ಷರ ಅರಬ್ಬಿ ಬಾರದವರು ಲಕ್ಷಗಟ್ಟಲೆ ಕೊಲ್ಲಿ ದೇಶಗಳಿಗೆ ಹೋಗುವುದು ಹೇಗೆ?

ಉತ್ತರ: ಎರಡೂ ನಿಜವೇ. ಯಾರನ್ನು ಒಳಗೆ ಬಿಡಬೇಕು ಅಂತ ಮೊದಲು ತೀರ್ಮಾನಿಸುವುದು ಆಯಾ ದೇಶದ ಕಾನೂನು. ಹೋಗಲು ಎರಡು ಮೂರು ದಾರಿ ಇದ್ದಾಗ ಮಾತ್ರ ಭಾಷೆಯ ಲೆಕ್ಕಾಚಾರ ಶುರುವಾಗುತ್ತದೆ.

2004ರ ಮೇ 1ರಂದು ಪೋಲೆಂಡ್ ಸೇರಿ 10 ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದವು. ಪೋಲೆಂಡಿನವರು ಕೂಡಲೇ ಬಂದು ಕೆಲಸ ಮಾಡಬಹುದು ಎಂದ ಹಳೆಯ ಸದಸ್ಯ ದೇಶಗಳು ಮೂರೇ: ಬ್ರಿಟನ್, ಐರ್ಲೆಂಡ್, ಸ್ವೀಡನ್. ಪಕ್ಕದ ಜರ್ಮನಿ 2011ರವರೆಗೂ ನಿರ್ಬಂಧ ಇಟ್ಟುಕೊಂಡಿತ್ತು. ಮೂರರಲ್ಲಿ ಸ್ವೀಡನ್ನೇ ಹತ್ತಿರ, ನಡುವೆ ಬಾಲ್ಟಿಕ್ ಸಮುದ್ರ ಅಷ್ಟೇ. ಆದರೂ ಜನ ಮುಗಿಬಿದ್ದದ್ದು ಬ್ರಿಟನ್, ಐರ್ಲೆಂಡ್‌ಗೆ. ಅಲ್ಲಿ ಕೆಲಸ ಜಾಸ್ತಿ ಇತ್ತು, ಒಪ್ಪೋಣ. ಆದರೆ ಹುಡುಗರಿಗೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಷ್ಟೋ ಇಷ್ಟೋ ಬರುತ್ತಿತ್ತು. ಸ್ವೀಡಿಷ್ ಎಷ್ಟು ಜನಕ್ಕೆ ಬರುತ್ತಿತ್ತು ಹೇಳಿ?

ಕೊಲ್ಲಿಯ ಕಥೆ ಬೇರೆ. ಯುಎಇ, ಕತಾರ್‌ಗಳಲ್ಲಿ ಹೊರಗಿನವರ ಸಂಖ್ಯೆಯೇ ಹೆಚ್ಚು. ಹಿಂದಿ, ಉರ್ದು, ಮಲಯಾಳಂ, ಮುರುಕು ಇಂಗ್ಲಿಷ್, ಯಾವುದರಲ್ಲಾದರೂ ದಿನ ಸಾಗುತ್ತದೆ. ಮೊದಲೇ ಹೋದ ನೆಂಟರೋ ಊರಿನವರೋ ದುಭಾಷಿಗಳಾಗುತ್ತಾರೆ. ಅಲ್ಲಿಯ ಪೌರತ್ವ ಸಿಗುವುದಂತೂ ದೂರದ ಮಾತು. ನಾಲ್ಕು ಕಾಸು ಮಾಡಿಕೊಂಡು ವಾಪಸ್ ಬರುವವರು ಸುಮ್ನೆ ಅರಬ್ಬಿ ಯಾಕೆ ಕಲಿಯಬೇಕು?

ಮಾತೇ ಕೆಲಸವಾದವರಿಗೆ ಈ ಅನುಕೂಲ ಇಲ್ಲ. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಹೆಚ್ಚು ತಡವರಿಸದೆ ಮಾತಾಡುವಷ್ಟು, ಜರ್ಮನ್ ಬೇಕು. ಅದೇ ಊರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಷ್ಟೋ ಸಲ ಇಂಗ್ಲಿಷೇ ಸಾಕು. ಹಾಗಾಗಿ ‘ವಲಸಿಗರು’ ಅಂತ ಎಲ್ಲರನ್ನೂ ಒಂದೇ ಗುಂಪಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸ್ಪೇನ್‌ನಲ್ಲಿ ಕಾನೂನೇ ಒಂದು ಕಡೆ ವಾಲಿದೆ. ಪೌರತ್ವಕ್ಕೆ ಸಾಮಾನ್ಯವಾಗಿ 10 ವರ್ಷ ಅಲ್ಲಿ ನೆಲೆಸಿರಬೇಕು. ಕೊಲಂಬಿಯಾ, ಈಕ್ವೆಡಾರ್‌ನಂಥ ದೇಶಗಳವರಿಗೆ 2 ವರ್ಷ ಸಾಕು. ಭಾಷೆಯೂ ಒಂದೇ, ಕಾಯುವ ಕಾಲವೂ ಕಡಿಮೆ ಅಂದಮೇಲೆ ಅವರು ಬೇರೆ ಕಡೆ ನೋಡುವುದೇಕೆ?

ಇನ್ನೊಂದು ವಿಷಯ ಲೆಕ್ಕಕ್ಕೆ ಬರುವುದೇ ಕಡಿಮೆ: ಮಕ್ಕಳ ಭಾಷೆ. ನೆದರ್‌ಲ್ಯಾಂಡ್ಸ್‌ನಲ್ಲಿ ಆಶ್ರಯ ಪಡೆದ ಎಷ್ಟೋ ಸೊಮಾಲಿ ಕುಟುಂಬಗಳು ಅಲ್ಲಿಯ ಪೌರತ್ವ ಸಿಕ್ಕ ಮೇಲೆ ಬ್ರಿಟನ್ನಿನ ಲೆಸ್ಟರ್, ಬರ್ಮಿಂಗ್‌ಹ್ಯಾಮ್ ಕಡೆ ಹೊರಟವು. ಅಷ್ಟು ಹೊತ್ತಿಗೆ ಮನೆಯವರೆಲ್ಲ ಡಚ್ ಕಲಿತಾಗಿತ್ತು. ಆದರೂ ಹೊರಟರು. ಅಲ್ಲಿ ತಮ್ಮ ಜನ ಇದ್ದರು, ವ್ಯಾಪಾರಕ್ಕೆ ಅವಕಾಶ ಇತ್ತು. ಜೊತೆಗೆ ಮಕ್ಕಳು ಇಂಗ್ಲಿಷಿನಲ್ಲಿ ಓದಲಿ ಎಂಬ ಆಸೆ.